ಅಲಾಸ್ಕಾ ಕ್ರೂಸ್ ಮುಗೀತು, ಈಗ ಮನೆಗೆ: ಹಡಗಿನ ಕೊನೆಯ ಸಂಜೆಯಿಂದ ತಿಮಿಂಗಿಲದ ಫೋಟೋಗೆ ಹೆಸರು ಹಾಕೋವರೆಗೂ

ಅಲಾಸ್ಕಾಗೆ ಯಾವ ತಿಂಗಳು ಹೋಗ್ಬೇಕು, ಬಾಲ್ಕನಿ ರೂಮ್ ಬೇಕಾ ಬೇಡ್ವಾ, ಎಷ್ಟು ಜಾಕೆಟ್ ತಗೋಬೇಕು ಅಂತ ಹೇಳೋರು ಬೇಕಾದಷ್ಟು ಜನ ಇದ್ದಾರೆ. ವಾಪಸ್ ಬರೋದರ ಬಗ್ಗೆ ಮಾತ್ರ ಯಾರೂ ಹೇಳಲ್ಲ. ಆದ್ರೆ ನನ್ನನ್ನ ಕೇಳೋದೆಲ್ಲ ಅದನ್ನೇ. ಇಳಿಯೋ ದಿನ ಎಷ್ಟು ಗಂಟೆಗೆ ಫ್ಲೈಟ್ ಬುಕ್ ಮಾಡ್ಲಿ, ಮನೆಗೆ ಬಂದು ಒಂದು ದಿನ ಆದ್ರೂ ನೆಲ ತೂಗಾಡ್ತಾನೇ ಇದೆ ಏನ್ ಮಾಡ್ಲಿ, ಮೂರು ಸಾವಿರ ಫೋಟೋ ಇದೆ ಎಲ್ಲಿಂದ ಶುರು ಮಾಡ್ಲಿ, ದಡದಲ್ಲಿ ಸಿಕ್ಕ ಹದ್ದಿನ ಗರಿ ತರಬಹುದಾ. ಪ್ರತಿ ಸಲ ಒಬ್ಬೊಬ್ಬರಿಗೆ ಬಿಡಿಬಿಡಿಯಾಗಿ ಹೇಳೋ ಬದಲು ಎಲ್ಲಾ ಒಂದೇ ಕಡೆ ಬರ್ದಿಡ್ತೀನಿ. (ಗರಿ ತರಬಾರದು. ಯಾಕೆ ಅಂತ ಮುಂದೆ ಇದೆ.)

ಒಂದು ಮಾತು ಮೊದಲೇ ಹೇಳ್ಬಿಡ್ತೀನಿ. ಹಡಗಿನಿಂದ ಇಳಿದ ಮೇಲೆ ನಿಮ್ಮ ಕೈಲಿರೋದು ಹೆಚ್ಚೂಕಮ್ಮಿ ಒಂದು ವಾರ. ಆಮೇಲೆ ಯಾವ ಹಿಮನದಿ ಯಾವ್ದು, ಆ ತಿಮಿಂಗಿಲ ಕಂಡಿದ್ದು ಜೂನೋದಲ್ಲಾ ಐಸಿ ಸ್ಟ್ರೇಟ್‌ನಲ್ಲಾ, ಎಲ್ಲಾ ಕಲಸುಮೇಲೋಗರ ಆಗ್ಬಿಡತ್ತೆ, ಫೋಟೋ ಫೋಲ್ಡರ್ ತೆಗೆಯೋಕೇ ಬೇಜಾರಾಗತ್ತೆ, ಅಲ್ಲಿಗೆ ಅದು ಹಾಗೇ ಬಿದ್ದಿರತ್ತೆ. ಹಾಗಾಗಿ ಕೆಳಗಿನದರಲ್ಲಿ ಕೆಲವು ಕೆಲಸ ಹಡಗಿನಲ್ಲೇ ಮಾಡೋದು, ಮನೆ ತನಕ ತಳ್ಳಬೇಡಿ.

ಏನೇನು ಬೇಕು ಅಂದ್ರೆ: ಒಂದು ಸಣ್ಣ ಬ್ಯಾಕ್‌ಪ್ಯಾಕ್, ಎರಡು ಮೂರು ಜಿಪ್ ಕವರ್, ಒಂದು ಪೋರ್ಟಬಲ್ ಡ್ರೈವ್ ಅಥವಾ ದೊಡ್ಡ ಪೆನ್‌ಡ್ರೈವ್, ಒಂದು ಪೆನ್ನು, ಮತ್ತೆ ಹಡಗಿನವರು ದಿನಾ ಕೊಡೋ ಕಾರ್ಯಕ್ರಮದ ಹಾಳೆ. ಹಾಳೆ ಕೊಡದೆ ಆ್ಯಪ್‌ನಲ್ಲಷ್ಟೇ ಇದ್ರೆ ಪ್ರತಿ ದಿನದ್ದು ಸ್ಕ್ರೀನ್‌ಶಾಟ್ ತೆಗೆದಿಟ್ಕೊಳ್ಳಿ, ಇಳಿದ ಮೇಲೆ ಅದು ಸಿಗುತ್ತೆ ಅಂತ ನಂಬ್ಕೊಂಡು ಕೂರಬೇಡಿ.

ಮೊದಲು ನೋಡ್ಕೊಳ್ಳಿ, ನಿಮ್ಮ ಹಡಗು ಮುಗಿಯೋದು ಎಲ್ಲಿ

ಅಲಾಸ್ಕಾ ಕ್ರೂಸ್ ಅಂದ್ರೂ ಬಹಳಷ್ಟು ಅಲಾಸ್ಕಾದಲ್ಲಿ ಮುಗಿಯಲ್ಲ. ಸಿಯಾಟಲ್‌ನಿಂದ ಹೊರಟು ಸಿಯಾಟಲ್‌ಗೇ ಬರೋದು ಒಂದು, ಕೆನಡಾದ ವ್ಯಾಂಕೂವರ್‌ನಿಂದ ಹೋಗಿ ಅಲ್ಲಿಗೇ ಬರೋದು ಇನ್ನೊಂದು, ಒಂದೇ ದಿಕ್ಕಿಗೆ ಹೋಗಿ ಅಲಾಸ್ಕಾದ ವಿಟಿಯರ್ ಅಥವಾ ಸೀವಾರ್ಡ್‌ನಲ್ಲಿ ಮುಗಿಯೋದು ಮತ್ತೊಂದು. ವಾಪಸ್ ಬರೋ ಲೆಕ್ಕ ಮೂರಕ್ಕೂ ಬೇರೆ ಬೇರೆ.

ಇದರ ಹಿಂದೆ 1886ರ ಒಂದು ಹಳೇ ಅಮೆರಿಕನ್ ಕಾನೂನು ಇದೆ, ಪ್ಯಾಸೆಂಜರ್ ವೆಸೆಲ್ ಸರ್ವೀಸಸ್ ಆ್ಯಕ್ಟ್ ಅಂತ. ಬೇರೆ ದೇಶದ ಬಾವುಟದ ಹಡಗು ಅಮೆರಿಕದ ಒಂದು ಬಂದರಿನಲ್ಲಿ ಹತ್ತಿಸ್ಕೊಂಡು ಅಮೆರಿಕದ್ದೇ ಇನ್ನೊಂದು ಬಂದರಿನಲ್ಲಿ ಜನರನ್ನ ಇಳಿಸೋ ಹಾಗಿಲ್ಲ, ಸುತ್ತಿ ಅದೇ ಬಂದರಿಗೆ ಬರೋದಾದ್ರೂ ಮಧ್ಯ ಒಂದು ವಿದೇಶಿ ಬಂದರು ಮುಟ್ಟಬೇಕು. ದೊಡ್ಡ ಕ್ರೂಸ್ ಹಡಗುಗಳೆಲ್ಲ ಹೆಚ್ಚುಕಡಿಮೆ ಬೇರೆ ದೇಶದ ಬಾವುಟದವೇ. ಅದಕ್ಕೇ ಸಿಯಾಟಲ್ ಹಡಗು ಕೊನೆಯ ಸಂಜೆ ನಾಲ್ಕು ಗಂಟೆ ಕಾಲ ಕೆನಡಾದ ವಿಕ್ಟೋರಿಯಾದಲ್ಲಿ ನಿಲ್ಲೋದು, ಹೂದೋಟ ತೋರಿಸೋಕಲ್ಲ. ನಿಮಗೆ ಇದರಿಂದ ಏನು ಅಂದ್ರೆ ಎರಡು ವಿಷಯ. ಸಿಯಾಟಲ್‌ನಲ್ಲಿ ಹತ್ತಿದವರು "ಸಾಕಾಯ್ತು, ಅಲಾಸ್ಕಾದ ಕೆಚಿಕಾನ್‌ನಲ್ಲೇ ಇಳಿದು ಫ್ಲೈಟ್ ಹಿಡಿತೀನಿ" ಅಂತ ಸುಮ್ನೆ ಇಳಿಯೋಕಾಗಲ್ಲ, ದಂಡ ಬೀಳತ್ತೆ, ಅದನ್ನ ಹಡಗಿನವರು ನಿಮ್ಮ ಬಿಲ್‌ಗೇ ಹಾಕ್ತಾರೆ. ಎರಡನೇದು ವೀಸಾ. ಭಾರತದ ಪಾಸ್‌ಪೋರ್ಟ್ ಇರೋರಿಗೆ ಕೆನಡಾ ವೀಸಾನೂ ಬೇಕು (ಅಮೆರಿಕದ ಗ್ರೀನ್ ಕಾರ್ಡ್ ಇದ್ರೆ ಆ ವೀಸಾ ಬೇಡ, ಕಾರ್ಡು ಪಾಸ್‌ಪೋರ್ಟು ಎರಡೂ ಕೈಲಿರಬೇಕು), ಅಮೆರಿಕದ ವೀಸಾ ಒಂದೇ ಸಲ ಒಳಗೆ ಬಿಡೋ ಥರದ್ದಾಗಿರಬಾರದು, ಯಾಕಂದ್ರೆ ಕೆನಡಾ ಮುಟ್ಟಿ ಬಂದ್ರೆ ನೀವು ಮತ್ತೆ ಅಮೆರಿಕದೊಳಗೆ ಹೊಸದಾಗಿ ಬಂದ ಹಾಗೆ.

1. ಇಳಿಯೋಕೆ ಎರಡು ದಿನ ಮುಂಚೆ, ಹಡಗಿನಲ್ಲೇ

ಫೋಲಿಯೋ ತೆಗೆದು ನೋಡಿ. ಫೋಲಿಯೋ ಅಂದ್ರೆ ಹಡಗಿನಲ್ಲಿ ನಿಮ್ಮ ಲೆಕ್ಕದ ಖಾತೆ, ನೀರಿನ ಬಾಟಲಿಯಿಂದ ಹಿಡಿದು ಹೆಲಿಕಾಪ್ಟರ್ ಟೂರ್‌ವರೆಗೂ ಎಲ್ಲಾ ಅದರಲ್ಲೇ ಸೇರತ್ತೆ. ಕೊನೆಯ ಬೆಳಿಗ್ಗೆ ಗೆಸ್ಟ್ ಸರ್ವಿಸ್ ಕೌಂಟರ್ ಮುಂದೆ ಕ್ಯೂ ನೋಡಿದ್ರೆ ತಪ್ಪಿದ್ರೂ ಹೋಗ್ಲಿ ಬಿಡಿ ಅನ್ಸತ್ತೆ, ಹಾಗನ್ನಿಸೋ ಮುಂಚೆ ಹೋಗಿ. ನೋಡ್ಬೇಕಾಗಿದ್ದು: ಗಾಳಿ ಮಂಜಿಗೆ ರದ್ದಾದ ಟೂರ್‌ನ ದುಡ್ಡು ವಾಪಸ್ ಬಂದಿದ್ಯಾ, ಯಾವುದಾದ್ರೂ ಬಂದರು ತಪ್ಪಿದ್ರೆ ಅದರ ಬಂದರು ಶುಲ್ಕ ಜಮಾ ಆಗಿದ್ಯಾ, ಟಿಪ್ಸ್ ಎರಡು ಸಲ ಬಿದ್ದಿದ್ಯಾ, ಮತ್ತೆ ಆನ್‌ಬೋರ್ಡ್ ಕ್ರೆಡಿಟ್ ಉಳಿದಿದ್ಯಾ. ಈ ಕ್ರೆಡಿಟ್ ಅಂದ್ರೆ ಬುಕಿಂಗ್ ಜೊತೆ ಫ್ರೀ ಬಂದಿರೋ ಖರ್ಚಿನ ದುಡ್ಡು, ಅದರಲ್ಲಿ ವಾಪಸ್ ಕೊಡೋದು ಕೊಡದೇ ಇರೋದು ಅಂತ ಎರಡು ಥರ ಇದೆ, ವಾಪಸ್ ಕೊಡದೇ ಇರೋದಾದ್ರೆ ಇಳಿಯೋದರೊಳಗೆ ಖರ್ಚು ಮಾಡ್ಬಿಡಿ.

ಡೆಬಿಟ್ ಕಾರ್ಡ್ ಕೊಟ್ಟಿದ್ರೆ ಇನ್ನೊಂದು ತಲೆನೋವು, ದುಡ್ಡನ್ನ ದಿನಾ ಸ್ವಲ್ಪ ಸ್ವಲ್ಪ ಹೋಲ್ಡ್ ಮಾಡಿರ್ತಾರೆ, ಅಂದ್ರೆ ಕಟ್ ಆಗಿಲ್ಲ ಆದ್ರೆ ನಿಮಗೂ ಸಿಗಲ್ಲ, ಬಿಡುಗಡೆ ಆಗೋಕೆ ಕೆಲವು ದಿನ ಹಿಡಿಯತ್ತೆ. ಏರ್‌ಪೋರ್ಟ್‌ನಲ್ಲಿ ಅದೇ ಕಾರ್ಡ್ ನಂಬ್ಕೊಂಡು ನಿಂತ್ಕೋಬೇಡಿ.

ಹಡಗಿನ ಡಾಕ್ಟರ್ ಹತ್ರ ಹೋಗಿದ್ರೆ ವಿವರವಾದ ಬಿಲ್ಲು ಮತ್ತೆ ಏನಾಗಿತ್ತು ಅನ್ನೋ ಚೀಟಿ ಎರಡೂ ಕೇಳಿ ತಗೊಳ್ಳಿ. ಇನ್ಶೂರೆನ್ಸ್‌ನವರು ಫೋಲಿಯೋದಲ್ಲಿರೋ ಒಂದು ಸಾಲಿನ ಮೇಲೆ ಕ್ಲೇಮ್ ಕೊಡಲ್ಲ, ಇಳಿದ ಮೇಲೆ ಆ ಚೀಟಿಗೋಸ್ಕರ ಈಮೇಲ್ ಬರೆದು ಬರೆದು ಸುಸ್ತಾಗತ್ತೆ.

ಇನ್ನು ಮರೀಬಾರದ ಕೆಲಸ, ಗಡಿಯಾರ. ಅಲಾಸ್ಕಾ ಟೈಮು ಸಿಯಾಟಲ್, ವ್ಯಾಂಕೂವರ್ ಟೈಮಿಗಿಂತ ಒಂದು ಗಂಟೆ ಹಿಂದೆ. ದಕ್ಷಿಣಕ್ಕೆ ಬರ್ತಾ ಹಡಗಿನವರು ಒಂದು ರಾತ್ರಿ ಗಡಿಯಾರ ಒಂದು ಗಂಟೆ ಮುಂದಕ್ಕೆ ತಿರುಗಿಸ್ತಾರೆ, ಏರೋಪ್ಲೇನ್ ಮೋಡ್‌ನಲ್ಲಿರೋ ನಿಮ್ಮ ಫೋನಿಗೆ ಅದು ಗೊತ್ತೇ ಆಗಲ್ಲ. ಬೆಳಿಗ್ಗೆ 6ಕ್ಕೆ ಅಲಾರಂ ಇಟ್ಟೆ ಅಂದ್ಕೊಂಡು 7ಕ್ಕೆ ಎದ್ದು ಓಡೋರು ಪ್ರತಿ ಹಡಗಿನಲ್ಲೂ ಇರ್ತಾರೆ. ಏರೋಪ್ಲೇನ್ ಮೋಡ್ ತೆಗೆದುಬಿಡ್ತೀನಿ ಅನ್ನೋದು ಪರಿಹಾರ ಅಲ್ಲ, ಸಮುದ್ರದ ಮಧ್ಯ ಫೋನು ಹಡಗಿನದ್ದೇ ಟವರ್ ಹಿಡಿದು ರೋಮಿಂಗ್ ಬಿಲ್ಲು ಏರಿಸತ್ತೆ. ಕೈಯಾರೆ ಟೈಮ್ ಬದಲಾಯಿಸಿ.

2. ಸೂಟ್‌ಕೇಸ್ ಹೊರಗಿಡೋ ರಾತ್ರಿ

ಕೊನೆಯ ರಾತ್ರಿ ಬಣ್ಣದ ಅಥವಾ ನಂಬರಿನ ಟ್ಯಾಗ್ ಕೊಡ್ತಾರೆ, ಅದನ್ನ ಕಟ್ಟಿ ಸೂಟ್‌ಕೇಸನ್ನ 10 ಅಥವಾ 11 ಗಂಟೆಯೊಳಗೆ ರೂಮಿನ ಬಾಗಿಲ ಹೊರಗಿಟ್ರೆ ಬೆಳಿಗ್ಗೆ ಟರ್ಮಿನಲ್‌ನಲ್ಲಿ ಸಿಗತ್ತೆ. ಇದು ಒಂದು ದಾರಿ. ಇನ್ನೊಂದು ವಾಕ್ ಆಫ್, ನಿಮ್ಮ ಸಾಮಾನೆಲ್ಲ ನೀವೇ ಎಳ್ಕೊಂಡು ಎಲ್ಲರಿಗಿಂತ ಮುಂಚೆ ಇಳಿಯೋದು. ಬೇಗ ಫ್ಲೈಟ್ ಇರೋರಿಗೆ ವಾಕ್ ಆಫ್ ಒಳ್ಳೇದು, ಆದ್ರೆ ನೆನಪಿರಲಿ, ಎಲ್ಲಾ ಪೆಟ್ಟಿಗೆನೂ ಒಂದೇ ಸಲ ನೀವೇ ಹೊರಬೇಕು, ಆ ಹೊತ್ತಿಗೆ ಲಿಫ್ಟ್ ಸಿಗೋದು ಕಷ್ಟ, ವಯಸ್ಸಾದವರು ಮಕ್ಕಳು ಜೊತೆಗಿದ್ರೆ ನಾನಂತೂ ಬೇಡ ಅಂತೀನಿ.

ಸಿಯಾಟಲ್ ಹಡಗಿನವರಿಗೆ ಒಂದು ವಿಶೇಷ ತೊಂದರೆ ಇದೆ. ವಿಕ್ಟೋರಿಯಾ ಸಂಜೆ ಬರತ್ತೆ, ಜನ ಇಳಿದು ಸುತ್ತಾಡಿ ಹತ್ತು ಗಂಟೆಗೆ ವಾಪಸ್ ಬರ್ತಾರೆ, ನೋಡಿದ್ರೆ ಸೂಟ್‌ಕೇಸ್ ಹೊರಗಿಡೋ ಟೈಮು. ವಿಕ್ಟೋರಿಯಾಗೆ ಇಳಿಯೋಕೆ ಮುಂಚೆನೇ ಪ್ಯಾಕ್ ಮುಗಿಸಿ ಟ್ಯಾಗ್ ಕಟ್ಟಿಟ್ಟಿರಿ.

ಸೂಟ್‌ಕೇಸ್ ಒಳಗೆ ಹೋಗಬಾರದ್ದು: ಪಾಸ್‌ಪೋರ್ಟು, ಹಡಗಿನ ಕಾರ್ಡು, ಮಾತ್ರೆ ಔಷಧಿ, ಕ್ಯಾಮೆರಾ, ಮೆಮೊರಿ ಕಾರ್ಡು, ಚಾರ್ಜರ್, ಪವರ್ ಬ್ಯಾಂಕು, ಕನ್ನಡಕ, ಒಡವೆ. ಇದು ಎಲ್ಲರಿಗೂ ಗೊತ್ತು. ಯಾರಿಗೂ ನೆನಪಾಗದ್ದು ಅಂದ್ರೆ ನಾಳೆ ಹಾಕ್ಕೊಳ್ಳೋ ಬಟ್ಟೆ. ನಾನು ಮೊದಲ ಸಲ ಶೂ ಸಮೇತ ಎಲ್ಲಾ ನೀಟಾಗಿ ಪ್ಯಾಕ್ ಮಾಡಿ ಹೊರಗಿಟ್ಟು ಬೆಳಿಗ್ಗೆ ರೂಮ್ ಚಪ್ಪಲಿಯಲ್ಲಿ ಇಮಿಗ್ರೇಶನ್ ಆಫೀಸರ್ ಮುಂದೆ ನಿಂತಿದ್ದೆ, ಆಯಪ್ಪ ಒಂದು ಸಲ ನನ್ನ ಕಾಲು ನೋಡಿ ಒಂದು ಸಲ ಪಾಸ್‌ಪೋರ್ಟ್ ನೋಡಿದ.

ಬಿಟ್ಟುಹೋಗೋ ಜಾಗಗಳು ಐದು: ಲಾಕರ್, ಪರದೆ ಹಿಂದೆ, ಮಂಚದ ಕೆಳಗೆ, ಬಾತ್‌ರೂಮ್ ಬಾಗಿಲ ಹಿಂದಿನ ಕೊಕ್ಕೆ, ಟಿವಿ ಹಿಂದಿನ ಸಾಕೆಟ್ಟು. ಬೈನಾಕ್ಯುಲರ್ ಬಾಲ್ಕನಿ ಕುರ್ಚಿ ಮೇಲೆ ಉಳಿಯೋದೂ ಮಾಮೂಲು.

3. ತರಬಾರದ ವಸ್ತುಗಳು, ಇಲ್ಲಿ ತಮಾಷೆ ಇಲ್ಲ

ಕಾಡುಪ್ರಾಣಿ ನೋಡೋಕೆ ಹೋದವರಿಗೆ ಒಂದು ನೆನಪು ತಗೊಂಡು ಹೋಗೋಣ ಅನ್ಸೋದು ಸಹಜ. ಆದ್ರೆ ಅಲಾಸ್ಕಾದಲ್ಲಿ ಹೆಚ್ಚಿನ ನೆನಪುಗಳಿಗೆ ಒಂದೊಂದು ಕಾನೂನಿದೆ.

ಗರಿ. ಬೋಳು ಹದ್ದಿನ (ಅದೇ, ಬಿಳಿ ತಲೆಯ ಬಾಲ್ಡ್ ಈಗಲ್) ಗರಿ ನೆಲದ ಮೇಲೆ ಬಿದ್ದಿದ್ರೂ ಎತ್ತಿಟ್ಕೊಳ್ಳೋ ಹಾಗಿಲ್ಲ, 1940ರ ಹದ್ದು ರಕ್ಷಣೆ ಕಾನೂನು ಇದೆ. ಬೇರೆ ಹಕ್ಕಿಗಳ ಗರಿನೂ ಬಹಳಷ್ಟು 1918ರ ವಲಸೆ ಹಕ್ಕಿ ಕಾನೂನಿನ ಕೆಳಗೆ ಬರತ್ತೆ. "ಬಿದ್ದಿತ್ತು, ನಾನು ಕೊಂದಿಲ್ಲ" ಅನ್ನೋದು ಉತ್ತರ ಆಗಲ್ಲ, ಯಾಕಂದ್ರೆ ಗರಿ ನೋಡಿ ಬಿದ್ದಿದ್ದಾ ಕಿತ್ತಿದ್ದಾ ಅಂತ ಯಾರಿಗೂ ಹೇಳೋಕಾಗಲ್ಲ, ಅದಕ್ಕೇ ಇಟ್ಕೊಳ್ಳೋದನ್ನೇ ನಿಷೇಧ ಮಾಡಿದಾರೆ.

ಕಲ್ಲು, ಕೊಂಬು, ಮೂಳೆ. ಗ್ಲೇಸಿಯರ್ ಬೇ ಥರದ ನ್ಯಾಷನಲ್ ಪಾರ್ಕಿನೊಳಗಿಂದ ಒಂದು ಕಲ್ಲನ್ನೂ ತರಬಾರದು.

ದಂತ, ತಿಮಿಂಗಿಲದ ಮೂಳೆ, ನೀರುನಾಯಿ ತುಪ್ಪಳ. ಇದೇ ಜಾಸ್ತಿ ಜನ ಸಿಕ್ಕಿಹಾಕ್ಕೊಳ್ಳೋ ಜಾಗ, ಯಾಕಂದ್ರೆ ಇದು ಅಂಗಡಿಯಲ್ಲಿ ರಾಜಾರೋಷವಾಗಿ ಮಾರ್ತಾರೆ. 1972ರ ಕಡಲ ಸಸ್ತನಿ ರಕ್ಷಣೆ ಕಾನೂನಿನಲ್ಲಿ ಅಲಾಸ್ಕಾದ ಮೂಲನಿವಾಸಿಗಳಿಗೆ ಮಾತ್ರ ವಾಲ್ರಸ್ ದಂತ, ಸೀ ಆಟರ್ (ಕಡಲ ನೀರುನಾಯಿ) ತುಪ್ಪಳದಲ್ಲಿ ಕರಕುಶಲ ವಸ್ತು ಮಾಡಿ ಮಾರೋ ವಿನಾಯಿತಿ ಇದೆ. ಅಮೆರಿಕದೊಳಗೆ ಕೊಳ್ಳೋದು ಸರಿ. ಆದ್ರೆ ದೇಶದಿಂದ ಹೊರಗೆ ತಗೊಂಡು ಹೋಗೋಕೆ ಪರ್ಮಿಟ್ ಬೇಕು, ನಿಮ್ಮ ಹಡಗು ವ್ಯಾಂಕೂವರ್‌ನಲ್ಲಿ ಮುಗಿದ್ರೆ ಅದೂ ದೇಶದಿಂದ ಹೊರಗೆ ಹೋದ ಹಾಗೇನೇ. ಅಮೆರಿಕದಲ್ಲೇ ಇರೋರು ಅಂಗಡಿಯವರಿಗೆ ಹೇಳಿ ಅಮೆರಿಕದೊಳಗಿನ ವಿಳಾಸಕ್ಕೆ ಪೋಸ್ಟ್ ಮಾಡ್ಸಿ. ಬೇರೆ ದೇಶಕ್ಕೆ ಹೋಗೋರು ಕೊಳ್ಳಲೇಬೇಡಿ ಅಂತ ನನ್ನ ಸಲಹೆ, ಮರದ ಕೆತ್ತನೆ, ಬೆಳ್ಳಿ ಬಳೆ, ಚಿತ್ರ ಎಲ್ಲಾ ಅಷ್ಟೇ ಚೆನ್ನಾಗಿರತ್ತೆ. ನಿಜವಾಗ್ಲೂ ಅಲ್ಲಿನ ಮೂಲನಿವಾಸಿ ಕಲಾವಿದರೇ ಮಾಡಿದ್ದಾ ಅಂತ ನೋಡೋಕೆ ಸಿಲ್ವರ್ ಹ್ಯಾಂಡ್ ಅನ್ನೋ ರಾಜ್ಯ ಸರ್ಕಾರದ, ಕೈ ಚಿತ್ರ ಇರೋ ಲೇಬಲ್ ಹುಡುಕಿ.

ಬಫೆಯ ಹಣ್ಣು. ದಾರಿಗಿರಲಿ ಅಂತ ಬ್ಯಾಗಿಗೆ ಹಾಕಿದ ಒಂದು ಸೇಬು ಒಂದು ಬಾಳೆಹಣ್ಣು ಟರ್ಮಿನಲ್‌ನಲ್ಲಿ ನಿಮ್ಮನ್ನ ಸಾಲಿನಿಂದ ಆಚೆ ನಿಲ್ಲಿಸತ್ತೆ. ವಾಸನೆ ಹಿಡಿಯೋ ನಾಯಿಗಳನ್ನ ಬಿಡೋದೇ ಇದಕ್ಕೆ.

ಸಾಲ್ಮನ್ ಮೀನು ತರಬಹುದು, ಆದ್ರೆ ಪೊಟ್ಟಣ ತಿರುಗಿಸಿ ಓದಿ. ಹೊಗೆ ಹಾಕಿದ ಸಾಲ್ಮನ್‌ನಲ್ಲಿ ಹೊರಗಿಟ್ರೂ ಕೆಡದೇ ಇರೋ ಪೊಟ್ಟಣ ಬೇರೆ, ಫ್ರಿಜ್‌ನಲ್ಲೇ ಇಡಬೇಕಾದ ವ್ಯಾಕ್ಯೂಮ್ ಪ್ಯಾಕ್ ಬೇರೆ, ಎರಡೂ ನೋಡೋಕೆ ಒಂದೇ ಥರ, ಎರಡನೇದು ಸೂಟ್‌ಕೇಸಿನಲ್ಲಿ ಒಂದೂವರೆ ದಿನ ಬಿದ್ದಿದ್ರೆ ತಿನ್ನೋ ಹಾಗಿಲ್ಲ. ಹೆಪ್ಪುಗಟ್ಟಿಸಿದ ಮೀನಿಗೆ ಡ್ರೈ ಐಸ್ ಹಾಕೋದಾದ್ರೆ ವಿಮಾನದಲ್ಲಿ 2.5 ಕಿಲೋವರೆಗೆ ಮಿತಿ, ಏರ್‌ಲೈನ್‌ನವರ ಒಪ್ಪಿಗೆ ಬೇಕು, ಡಬ್ಬಿ ಗಾಳಿಯಾಡೋ ಹಾಗಿರಬೇಕು, ಪೂರ್ತಿ ಸೀಲ್ ಮಾಡಬಾರದು.

ಕಸ್ಟಮ್ಸ್‌ನವರು ಕೇಳಿದ್ರೆ ತಿನ್ನೋ ಪದಾರ್ಥ ಇದೆ ಅಂತ ಹೇಳ್ಬಿಡಿ. ಹೇಳಿದ್ರೆ ಹೆಚ್ಚಂದ್ರೆ ಆ ವಸ್ತು ಹೋಗತ್ತೆ, ಮುಚ್ಚಿಟ್ರೆ ದಂಡ. ಅಮೆರಿಕದ ನಿವಾಸಿಗಳಿಗೆ ಸಾಮಾನ್ಯವಾಗಿ 800 ಡಾಲರ್‌ವರೆಗಿನ ಖರೀದಿಗೆ ಸುಂಕ ಇಲ್ಲ. 10,000 ಡಾಲರ್‌ಗಿಂತ ಜಾಸ್ತಿ ನಗದು ಇದ್ರೆ ಹೇಳಲೇಬೇಕು, ಕ್ಯಾಸಿನೋದಲ್ಲಿ ಅಷ್ಟು ಗೆದ್ದಿದ್ರೆ ನೀವು ಈ ಲೇಖನ ಓದ್ತಾ ಇರಲ್ಲ ಬಿಡಿ.

4. ಇಳಿಯೋ ಬೆಳಿಗ್ಗೆ ಮತ್ತೆ ಏರ್‌ಪೋರ್ಟು

ಹಡಗು ಬೆಳಿಗ್ಗೆ ಆರು ಏಳಕ್ಕೆ ಕಟ್ಟೆಗೆ ತಾಗಿದ್ರೂ ನೀವು ರಸ್ತೆಗೆ ಬರೋದು ಒಂಬತ್ತಾಗಬಹುದು. ಅಧಿಕಾರಿಗಳು ಒಪ್ಪಿಗೆ ಕೊಟ್ಟ ಮೇಲೇ ಮೊದಲ ಪ್ರಯಾಣಿಕ ಇಳಿಯೋದು, ಮಂಜಿದ್ರೆ ಹಡಗೇ ತಡ. ಹಾಗಾಗಿ ಫ್ಲೈಟ್ ಲೆಕ್ಕ ಹೀಗಿಟ್ಕೊಳ್ಳಿ.

ಸಿಯಾಟಲ್ ಆದ್ರೆ ಮಧ್ಯಾಹ್ನ 12ರ ಮೇಲೆ. ಇಲ್ಲಿ ಎರಡು ಕ್ರೂಸ್ ಟರ್ಮಿನಲ್ ಇದೆ, ಪಿಯರ್ 66 ಮತ್ತೆ ಪಿಯರ್ 91. 66 ಊರಿನ ಮಧ್ಯ, ಏರು ದಾರಿಯಲ್ಲಿ ನಡೆದ್ರೆ ವೆಸ್ಟ್‌ಲೇಕ್ ಸ್ಟೇಷನ್ ಸಿಗತ್ತೆ, ಅಲ್ಲಿಂದ ಲೈಟ್ ರೈಲಿನಲ್ಲಿ ಏರ್‌ಪೋರ್ಟಿಗೆ ಸುಮಾರು 40 ನಿಮಿಷ. 91ರ ಹತ್ರ ಆ ರೈಲು ಇಲ್ಲ, ಟ್ಯಾಕ್ಸಿ ಅಥವಾ ಬಸ್ಸು. ನಿಮ್ಮದು ಯಾವುದು ಅಂತ ಟಿಕೆಟ್ ನೋಡಿ, ಹೋದಾಗ ಹತ್ತಿದ್ದು ಎಲ್ಲಿ ಅಂತಾನೇ ಮರೆತಿರ್ತಾರೆ ಜನ.

ವ್ಯಾಂಕೂವರ್ ಆದ್ರೆ ಕೆನಡಾ ಪ್ಲೇಸ್ ಟರ್ಮಿನಲ್ ಪಕ್ಕದಲ್ಲೇ ವಾಟರ್‌ಫ್ರಂಟ್ ಸ್ಟೇಷನ್, ಕೆನಡಾ ಲೈನ್ ರೈಲು ಅರ್ಧ ಗಂಟೆಯೊಳಗೆ ಏರ್‌ಪೋರ್ಟಿಗೆ ಬಿಡತ್ತೆ, ಇಷ್ಟು ಸುಲಭ ಬೇರೆಲ್ಲೂ ಇಲ್ಲ. ಆದ್ರೆ ಅಮೆರಿಕಕ್ಕೆ ಹಾರೋರು ಹುಷಾರು, ಇಲ್ಲಿ ಪ್ರೀಕ್ಲಿಯರೆನ್ಸ್ ಇದೆ. ಅಂದ್ರೆ ಅಮೆರಿಕದ ಇಮಿಗ್ರೇಶನ್ ಕಸ್ಟಮ್ಸ್ ಎಲ್ಲಾ ವ್ಯಾಂಕೂವರ್ ಏರ್‌ಪೋರ್ಟಿನಲ್ಲೇ ಮುಗಿಸಿ ವಿಮಾನ ಹತ್ತೋದು. ಒಂದೇ ದಿನ ಎರಡು ಮೂರು ಹಡಗು ಬಂದಿದ್ರೆ ಆ ಸಾಲೇ ಒಂದು ಕ್ರೂಸು. ಮಧ್ಯಾಹ್ನ ಒಂದು ಗಂಟೆಗಿಂತ ಮುಂಚಿನ ಫ್ಲೈಟ್ ಬೇಡ. ಅಮೆರಿಕದ ನಾಗರಿಕರು ಮತ್ತೆ ಗ್ರೀನ್ ಕಾರ್ಡ್‌ನವರು ಮೊಬೈಲ್ ಪಾಸ್‌ಪೋರ್ಟ್ ಕಂಟ್ರೋಲ್ ಅನ್ನೋ ಸರ್ಕಾರದ ಉಚಿತ ಆ್ಯಪ್ ಹಾಕ್ಕೊಂಡ್ರೆ ಬೇರೆ ಸಾಲು ಸಿಗತ್ತೆ, ಕೆಲಸದ ವೀಸಾದಲ್ಲಿರೋರಿಗೆ ಅದು ನಡೆಯಲ್ಲ.

ವಿಟಿಯರ್, ಸೀವಾರ್ಡ್ ಆದ್ರೆ ಏರ್‌ಪೋರ್ಟ್ ಇರೋದು ಆಂಕರೇಜ್‌ನಲ್ಲಿ. ವಿಟಿಯರ್‌ನಿಂದ ಸುಮಾರು 100 ಕಿಲೋಮೀಟರ್, ಸೀವಾರ್ಡ್‌ನಿಂದ ಸುಮಾರು 200. ವಿಟಿಯರ್‌ನಿಂದ ರಸ್ತೆಯಲ್ಲಿ ಆಚೆ ಬರೋಕೆ ಇರೋದು ಒಂದೇ ಸುರಂಗ, 4 ಕಿಲೋಮೀಟರ್ ಉದ್ದ, ಒಂದೇ ಪಥ, ಅದರಲ್ಲೇ ರೈಲು ಅದರಲ್ಲೇ ಕಾರು, ಪಾಳಿ ಮೇಲೆ ಒಂದು ಸಲ ಆ ಕಡೆಯಿಂದ ಒಂದು ಸಲ ಈ ಕಡೆಯಿಂದ ಬಿಡ್ತಾರೆ. ಐದು ನಿಮಿಷ ತಡವಾದ್ರೆ ಮುಂದಿನ ಪಾಳಿಗೆ ಕಾಯಬೇಕು. ಆಂಕರೇಜ್‌ನಿಂದ ದಕ್ಷಿಣಕ್ಕೆ ಹೋಗೋ ಫ್ಲೈಟ್‌ಗಳು ರಾತ್ರಿ ತಡವಾಗಿ ತುಂಬಾ ಇರತ್ತೆ, ಅದನ್ನೇ ಹಿಡೀರಿ, ಹಗಲು ದಾರಿಯುದ್ದಕ್ಕೂ ಟರ್ನಗೇನ್ ಆರ್ಮ್ ಅನ್ನೋ ಕಡಲ ಚಾಚು ಸಿಗತ್ತೆ, ಅಲ್ಲಿ ಬಿಳಿ ಬೆಲುಗಾ ತಿಮಿಂಗಿಲ ಕಂಡ್ರೂ ಕಾಣಬಹುದು, ಕ್ಯಾಮೆರಾ ಒಳಗಿಡಬೇಡಿ.

5. ಮನೆಯಲ್ಲಿ ಮೊದಲ ಎರಡು ದಿನ: ತೂಗೋ ನೆಲ, ಕೆಡೋ ಹೊಟ್ಟೆ

ಸ್ನಾನಕ್ಕೆ ನಿಂತಾಗ, ಕಣ್ಮುಚ್ಚಿದಾಗ ನೆಲ ತೊಟ್ಟಿಲ ಥರ ತೂಗತ್ತೆ. ಗಾಬರಿ ಬೇಡ. ವಾರ ಪೂರ್ತಿ ಅಲೆಗೆ ತಕ್ಕ ಹಾಗೆ ಹೊಂದ್ಕೊಂಡ ಮಿದುಳು ಇನ್ನೂ ಹಡಗಿನಲ್ಲೇ ಇದೆ ಅಷ್ಟೇ. ಸಾಮಾನ್ಯವಾಗಿ ಎರಡು ದಿನದೊಳಗೆ ಹೋಗತ್ತೆ. ಇದರ ವಿಚಿತ್ರ ಏನಂದ್ರೆ ಕಾರಿನಲ್ಲಿ ಹೋಗ್ತಿರುವಾಗ ಆರಾಮಾಗಿರತ್ತೆ, ನಿಂತ್ರೆ ಶುರು. ನಡೀರಿ, ದೂರದ ಒಂದು ವಸ್ತು ನೋಡಿ, ನಿದ್ದೆ ಮಾಡಿ, ಇಳಿದ ದಿನಾನೇ ದೂರ ಡ್ರೈವ್ ಮಾಡೋಕೆ ಹೋಗಬೇಡಿ. ವಾರಗಟ್ಟಲೆ ಇದ್ರೆ ಡಾಕ್ಟರಿಗೆ ತೋರಿಸಿ, ತಿಂಗಳುಗಟ್ಟಲೆ ಎಳೆಯೋ ಅಪರೂಪದ ಒಂದು ತೊಂದರೆ ಇದೆ, ಮಾಲ್ ಡಿ ಡಿಬಾರ್ಕ್‌ಮೆಂಟ್ ಅಂತ ಹೆಸರು, ಹಡಗಿನಿಂದ ಇಳಿದ ಬಾಧೆ ಅಂತಲೇ ಅರ್ಥ, ಡಾಕ್ಟರಿಗೆ ಕ್ರೂಸ್ ಹೋಗಿದ್ದೆ ಅಂತ ಹೇಳೋದು ಮರೀಬೇಡಿ.

ಕಿವಿ ಹಿಂದೆ ಅಂಟಿಸ್ಕೊಳ್ಳೋ ವಾಂತಿ ಪ್ಯಾಚ್ ಹಾಕಿದ್ರೆ ತೆಗೆದ ತಕ್ಷಣ ಕೈ ಸೋಪಿನಲ್ಲಿ ತೊಳೀರಿ. ಅದೇ ಕೈ ಕಣ್ಣಿಗೆ ತಾಗಿದ್ರೆ ಕಣ್ಣಿನ ಪಾಪೆ ಹಿಗ್ಗಿ ನೋಟ ಮಂಜಾಗತ್ತೆ, ಒಂದೇ ಕಣ್ಣು ಹಾಗಾದ್ರೆ ಮನೆಯವರೆಲ್ಲ ಹೆದರ್ತಾರೆ.

ಇನ್ನು ನೋರೋವೈರಸ್, ಹಡಗಿನಲ್ಲಿ ಹರಡೋ ವಾಂತಿ ಭೇದಿ. ಸೋಂಕು ತಗುಲಿ 12ರಿಂದ 48 ಗಂಟೆಗೆ ಕಾಣಿಸ್ಕೊಳ್ಳತ್ತೆ, ಹಾಗಾಗಿ ಕೊನೆಯ ದಿನ ತಗುಲಿದ್ದು ಮನೆಗೆ ಬಂದ ಮೇಲೇ ಗೊತ್ತಾಗೋದು. ಸ್ಯಾನಿಟೈಸರ್ ಇದಕ್ಕೆ ಸರಿಯಾಗಿ ಕೆಲಸ ಮಾಡಲ್ಲ, ಸೋಪು ನೀರೇ ಬೇಕು. ವಾಂತಿ ಭೇದಿ ನಿಂತ ಮೇಲೂ ಎರಡು ದಿನ ಬೇರೆಯವರಿಗೆ ಅಡುಗೆ ಮಾಡಬೇಡಿ.

6. ಒದ್ದೆ ಸಾಮಾನು

ಕೆಚಿಕಾನ್ ಕಡೆ ಮಳೆಕಾಡು, ಜಾಕೆಟ್ಟು ಶೂ ಒಣಗಿರಲ್ಲ. ಬಂದ ದಿನವೇ ಸೂಟ್‌ಕೇಸ್ ಬಿಚ್ಚಿ ಹರಡಿ. ಶೂ ತಳದ ಮಣ್ಣು ಕೆರೆದು ತೆಗೀರಿ, ಅದರಲ್ಲಿ ಅಲ್ಲಿನ ಬೀಜ ಇರತ್ತೆ. ಲೆನ್ಸು, ಬೈನಾಕ್ಯುಲರ್ ಬ್ಯಾಗಿನಲ್ಲೇ ಬಿಟ್ರೆ ಫಂಗಸ್ ಹಿಡಿಯತ್ತೆ, ಉಪ್ಪು ನೀರು ಸಿಡಿದಿದ್ರೆ ಸ್ವಲ್ಪವೇ ಒದ್ದೆ ಮಾಡಿದ ಮೆತ್ತನೆ ಬಟ್ಟೆಯಲ್ಲಿ ಒರೆಸಿ, ಒಣಬಟ್ಟೆಯಲ್ಲಿ ಉಜ್ಜಿದ್ರೆ ಉಪ್ಪಿನ ಹರಳು ಗೀರು ಹಾಕತ್ತೆ.

7. ಫೋಟೋ: ಮೊದಲು ಕಾಪಿ, ಆಮೇಲೆ ಟೈಮು, ಆಮೇಲೆ ಅಳಿಸೋದು

ಈ ಕ್ರಮ ತಪ್ಪಿಸಬೇಡಿ. ಜನ ಮೊದಲು ಅಳಿಸೋಕೆ ಕೂರ್ತಾರೆ, ಸುಸ್ತಾಗಿ ಬಿಡ್ತಾರೆ, ಆಮೇಲೆ ಯಾವುದೋ ಮದುವೆಗೆ ಅದೇ ಕಾರ್ಡ್ ಫಾರ್ಮ್ಯಾಟ್ ಮಾಡ್ತಾರೆ.

ಕಾಪಿ. ಎರಡು ಬೇರೆ ಬೇರೆ ಸಾಧನದಲ್ಲಿ, ಜೊತೆಗೆ ಒಂದು ಮನೆಯಿಂದ ಹೊರಗೆ, ಅಂದ್ರೆ ಕ್ಲೌಡ್‌ನಲ್ಲೋ ಇನ್ನೊಬ್ಬರ ಮನೆಯ ಡ್ರೈವ್‌ನಲ್ಲೋ. ಮೂರೂ ಆಗಿದೆ ಅಂತ ತೆಗೆದು ನೋಡೋವರೆಗೂ ಮೆಮೊರಿ ಕಾರ್ಡ್ ಮುಟ್ಟಬೇಡಿ.

ಟೈಮು. ಕ್ಯಾಮೆರಾ ಗಡಿಯಾರ ಊರಿನ ಟೈಮಿನಲ್ಲೇ ಇರತ್ತೆ, ಫೋನು ಅಲಾಸ್ಕಾ ಟೈಮಿನಲ್ಲಿರತ್ತೆ, ಎರಡನ್ನೂ ಒಂದೇ ಫೋಲ್ಡರಿಗೆ ಹಾಕಿದ್ರೆ ಬೆಳಿಗ್ಗೆ ನೋಡಿದ ಕರಡಿ ರಾತ್ರಿ ಊಟ ಆದ್ಮೇಲೆ ಬರತ್ತೆ. ಫೋನಿನಲ್ಲೂ ಕ್ಯಾಮೆರಾದಲ್ಲೂ ಒಟ್ಟಿಗೆ ತೆಗೆದ ಒಂದು ದೃಶ್ಯ ಹುಡುಕಿ, ವ್ಯತ್ಯಾಸ ಎಷ್ಟು ಗಂಟೆ ನೋಡಿ, ಕ್ಯಾಮೆರಾ ಫೋಟೋಗಳನ್ನೆಲ್ಲ ಒಟ್ಟಿಗೆ ಅಷ್ಟು ಗಂಟೆ ಜರುಗಿಸಿ, ಫೋಟೋ ಜೋಡಿಸೋ ಹೆಚ್ಚಿನ ಸಾಫ್ಟ್‌ವೇರ್‌ನಲ್ಲಿ ಇದು ಇದೆ. ಇದಾದ್ರೆ ಫೋನ್ ಫೋಟೋದಲ್ಲಿರೋ ಜಿಪಿಎಸ್ ಜಾಗವನ್ನ ಅದೇ ನಿಮಿಷದ ಕ್ಯಾಮೆರಾ ಫೋಟೋಗೂ ಹಾಕಬಹುದು. ಏರೋಪ್ಲೇನ್ ಮೋಡ್‌ನಲ್ಲೂ ಫೋನಿನ ಜಿಪಿಎಸ್ ಕೆಲಸ ಮಾಡತ್ತೆ, ಅದಕ್ಕೇ ಹಡಗಿನಲ್ಲಿ ಪ್ರತಿ ಪ್ರಾಣಿ ಕಂಡಾಗ್ಲೂ ಫೋನಿನಲ್ಲೂ ಒಂದು ತೆಗೀರಿ ಅಂತ ನಾನು ಹೇಳೋದು, ಚುಕ್ಕೆ ಥರ ಕಂಡ್ರೂ ಪರವಾಗಿಲ್ಲ.

ಅಳಿಸೋದು. ಒಂದು ತಿಮಿಂಗಿಲ ಬಾಲ ಎತ್ತಿ ಮುಳುಗೋಷ್ಟರಲ್ಲಿ ನಲವತ್ತು ಫೋಟೋ ತೆಗೆದಿರ್ತೀರಿ. ಮೊದಲ ಸುತ್ತಿನಲ್ಲಿ ಬರೀ ಮಸುಕಾದದ್ದು, ಬರೀ ನೀರಿರೋದು ಅಷ್ಟೇ ತೆಗೀರಿ. "ಚೆನ್ನಾಗಿದ್ಯಾ" ಅಂತ ಕೇಳೋದು ಎರಡನೇ ಸುತ್ತಿಗೆ. ಒಂದು ಎಚ್ಚರಿಕೆ: ಚೆನ್ನಾಗಿಲ್ಲದಿದ್ರೂ ಬಾಲದ ಅಡಿಭಾಗ ಕಾಣೋ ಫೋಟೋ ಒಂದನ್ನೂ ಅಳಿಸಬೇಡಿ, ಮುಂದಿನ ಹಂತಕ್ಕೆ ಬೇಕು.

ಬಣ್ಣ ತಿದ್ದುವಾಗ ಆಟೋ ಒತ್ತಿದ್ರೆ ಹಿಮನದಿಯ ನೀಲಿ ಹೋಗ್ಬಿಡತ್ತೆ. ಆ ನೀಲಿ ಕ್ಯಾಮೆರಾ ತಪ್ಪಲ್ಲ. ಶತಮಾನಗಳ ಒತ್ತಡಕ್ಕೆ ಗಾಳಿಗುಳ್ಳೆ ಹೊರಟುಹೋಗಿ ಗಟ್ಟಿಯಾದ ಮಂಜು ಬೆಳಕಿನ ಕೆಂಪನ್ನ ಹೀರ್ಕೊಂಡು ನೀಲಿಯನ್ನ ಬಿಟ್ಟುಕೊಡತ್ತೆ. ಮೋಡದ ದಿನದ ಹಿಮ ಬೂದಿಯಾಗಿ ಬಂದಿದ್ರೆ ಬೆಳಕು ಸ್ವಲ್ಪ ಏರಿಸಿ, ನೀಲಿ ಮುಟ್ಟಬೇಡಿ.

8. ಹೆಸರು ಹಾಕೋದು, ಇದನ್ನ ವಾರದೊಳಗೆ

ಫೋಟೋ ಕೆಳಗೆ ಬರೀ "ಅಲಾಸ್ಕಾ" ಅಂತ ಹಾಕಿದ್ರೆ ಮುಂದಿನ ವರ್ಷ ನಿಮಗೇ ಗೊತ್ತಾಗಲ್ಲ. ಕಾರ್ಯಕ್ರಮದ ಹಾಳೆ ತೆಗೀರಿ, ಗ್ಲೇಸಿಯರ್ ಬೇಯಲ್ಲಿ ಪಾರ್ಕಿನ ರೇಂಜರ್‌ಗಳು ಹಡಗಿಗೇ ಹತ್ತಿ ಮ್ಯಾಪ್ ಕೊಟ್ಟಿರ್ತಾರಲ್ಲ ಅದನ್ನೂ ತೆಗೀರಿ, ಟೈಮ್ ನೋಡ್ಕೊಂಡು ಇದು ಮಾರ್ಜರಿ ಹಿಮನದಿ, ಇದು ಜಾನ್ಸ್ ಹಾಪ್ಕಿನ್ಸ್ ಹಿಮನದಿ ಅಂತ ಬರೀತಾ ಹೋಗಿ.

ಪ್ರಾಣಿಗಳಲ್ಲಿ ನಾನು ಪದೇ ಪದೇ ನೋಡೋ ತಪ್ಪುಗಳು ಇವು. "ಓರ್ಕಾ ಮರಿ" (ಓರ್ಕಾ ಅಂದ್ರೆ ಕಿಲ್ಲರ್ ವೇಲ್) ಅಂತ ಕಳಿಸೋ ಫೋಟೋ ಬಹಳಷ್ಟು ಸಲ ಡಾಲ್ಫಿನ್ ಥರದ ಡಾಲ್ಸ್ ಪಾರ್ಪಸ್, ಅದೂ ಕಪ್ಪು ಬಿಳುಪು, ಆದ್ರೆ ಚಿಕ್ಕದು, ನೀರು ಚಿಮ್ಮಿಸ್ಕೊಂಡು ಹಡಗಿನ ಪಕ್ಕ ಓಡತ್ತೆ. ಕಂದು ಬಣ್ಣದ ದೊಡ್ಡ ಹದ್ದು ಗೋಲ್ಡನ್ ಈಗಲ್ ಅಲ್ಲ, ಹೆಚ್ಚಾಗಿ ಬೋಳು ಹದ್ದಿನ ಮರಿನೇ, ತಲೆ ಬಿಳಿಯಾಗೋಕೆ ಸುಮಾರು ಐದು ವರ್ಷ ಬೇಕು. ಕಿವಿ ಹೊರಗೆ ಕಂಡ್ರೆ ಸೀ ಲಯನ್, ಕಾಣದಿದ್ರೆ ಸೀಲ್, ಮಂಜಿನ ತುಂಡಿನ ಮೇಲೆ ಮಲಗಿರೋದು ಸಾಮಾನ್ಯವಾಗಿ ಹಾರ್ಬರ್ ಸೀಲ್. ಬೆಟ್ಟದ ಮೇಲಿನ ಬಿಳಿ ಚುಕ್ಕೆಗೆ ಚಿಕ್ಕ ಕಪ್ಪು ಕೊಂಬಿದ್ರೆ ಮೇಕೆ, ಸುರುಳಿ ಕೊಂಬಿದ್ರೆ ಡಾಲ್ ಕುರಿ. ಗೊತ್ತಾಗದಿದ್ರೆ ಐನ್ಯಾಚುರಲಿಸ್ಟ್ ಆ್ಯಪ್‌ಗೆ ಹಾಕಿ, 2008ರಲ್ಲಿ ವಿದ್ಯಾರ್ಥಿಗಳ ಪ್ರಾಜೆಕ್ಟ್ ಆಗಿ ಶುರುವಾಗಿದ್ದು, ಬಲ್ಲವರು ನೋಡಿ ಹೆಸರು ಹೇಳ್ತಾರೆ. ಆ್ಯಪ್ ತಾನೇ ಸೂಚಿಸೋ ಮೊದಲ ಹೆಸರನ್ನ ಕಣ್ಮುಚ್ಚಿ ಒಪ್ಕೋಬೇಡಿ.

ಈಗ ಆ ಬಾಲದ ಫೋಟೋಗಳು. ಹಂಪ್‌ಬ್ಯಾಕ್ ತಿಮಿಂಗಿಲದ ಬಾಲದ ಅಡಿಯ ಕಪ್ಪು ಬಿಳಿ ಗುರುತು, ಅಂಚಿನ ಕಚ್ಚು ಒಂದೊಂದಕ್ಕೂ ಬೇರೆ, ನಮ್ಮ ಹೆಬ್ಬೆಟ್ಟಿನ ಥರ. ಹ್ಯಾಪಿವೇಲ್ ಅನ್ನೋ ವೆಬ್‌ಸೈಟಿಗೆ ಫೋಟೋ, ತಾರೀಕು, ಟೈಮು, ಜಾಗ ಹಾಕಿದ್ರೆ ಕಂಪ್ಯೂಟರ್ ಅದನ್ನ ಹಳೇ ಫೋಟೋಗಳ ಜೊತೆ ಹೋಲಿಸಿ ಈ ತಿಮಿಂಗಿಲ ಮುಂಚೆ ಎಲ್ಲೆಲ್ಲಿ ಕಂಡಿತ್ತು ಅಂತ ಹೇಳತ್ತೆ. ಆಗ್ನೇಯ ಅಲಾಸ್ಕಾದಲ್ಲಿ ಬೇಸಿಗೆ ಮೇಯೋ ಹಂಪ್‌ಬ್ಯಾಕ್‌ಗಳಲ್ಲಿ ಹೆಚ್ಚಿನವು ಚಳಿಗಾಲಕ್ಕೆ ಹವಾಯಿಗೆ ಹೋಗತ್ತೆ, ಕೆಲವು ಮೆಕ್ಸಿಕೋ ಕಡೆಗೆ, ಹವಾಯಿಗೆ ಒಂದು ಕಡೆಗೇ 4,000 ಕಿಲೋಮೀಟರಿಗಿಂತ ಜಾಸ್ತಿ. ಓರ್ಕಾ ಆದ್ರೆ ಬೆನ್ನಿನ ರೆಕ್ಕೆ ಮತ್ತೆ ಅದರ ಹಿಂದಿನ ಬೂದು ಮಚ್ಚೆ ಕಾಣಬೇಕು, ಬಾಲ ಬೇಡ.

ಹಾಕುವಾಗ ಗಮನಿಸೋದು ಮೂರು. ಕತ್ತರಿಸಿ ಬಾಲವನ್ನ ದೊಡ್ಡದು ಮಾಡಿ, ಆದ್ರೆ ಫಿಲ್ಟರ್ ಹಾಕಬೇಡಿ. ಬೇರೆ ಬೇರೆ ತಿಮಿಂಗಿಲದ ಫೋಟೋ ಒಂದೇ ಅಂತ ಸೇರಿಸಬೇಡಿ. ಜಾಗ "ಜೂನೋ" ಅಂತ ಊರಿನ ಮೇಲೆ ಪಿನ್ ಹಾಕದೆ ಫೋನಿನ ಜಿಪಿಎಸ್ ಪ್ರಕಾರ ನೀರಿನ ಮೇಲೇ ಹಾಕಿ, ಏಳನೇ ಹಂತದಲ್ಲಿ ಟೈಮ್ ಸರಿ ಮಾಡಿ ಅಂದಿದ್ದು ಇದಕ್ಕೇ. ಈಮೇಲ್ ವಿಳಾಸ ಸರಿಯಾಗಿ ಕೊಡಿ, ಅದೇ ತಿಮಿಂಗಿಲವನ್ನ ಮುಂದೆ ಯಾವತ್ತೋ ಇನ್ಯಾರೋ ನೋಡಿದ್ರೂ ನಿಮಗೆ ಮೇಲ್ ಬರತ್ತೆ, ವಾರ ಆಗ್ಲಿ ವರ್ಷ ಆಗ್ಲಿ. ಆ ಮೇಲ್ ಸ್ಪ್ಯಾಮ್ ಫೋಲ್ಡರಿಗೆ ಹೋಗೋ ಅಭ್ಯಾಸ ಇದೆ, ಚಳಿಗಾಲ ಶುರುವಾದ ಮೇಲೆ ಆಗಾಗ ಅಲ್ಲೂ ಒಂದು ಸಲ ಇಣುಕಿ.